ಹೆಸರಿಲ್ಲದ ಲೆಕ್ಕ

ಮನೆಯ ಜಮಾಖರ್ಚು ಬರೆಯುವವನಿಗೆ ಒಂದು ಅನುಕೂಲವುಂಟು: ಲೆಕ್ಕಕ್ಕೆ ಬರುವ ಕಾಸು ತಾನಾಗಿ ಬಚ್ಚಿಟ್ಟುಕೊಳ್ಳುವುದಿಲ್ಲ. ರೋಗದ ಲೆಕ್ಕ ಹಾಗಲ್ಲ. ಅಲ್ಲಿ ಎಣಿಕೆಗೆ ಒಳಗಾಗಬೇಕಾದವರು ಮಾನಕ್ಕೆ ಅಂಜುವ ಮನುಷ್ಯರು. ಎಣಿಸಲು ಬಂದವನನ್ನು ನಂಬಬಹುದೇ ಎಂಬುದನ್ನು ಅವರು ಮೊದಲು ನೋಡುತ್ತಾರೆ.

ಇದಕ್ಕೆ ಬೆಂಗಳೂರಿನ ದಂಡು ಪ್ರದೇಶವೇ ಸಾಕ್ಷಿ. 1809ರಲ್ಲಿ ಬ್ರಿಟಿಷ್ ಸೇನೆ ಇಲ್ಲಿ ನೆಲೆಯೂರಿತು. ಸಿಪಾಯಿಗಳಿಗೆ ಗುಹ್ಯರೋಗ ತಗಲದಂತೆ ಮಾಡಲು ಅಂದಿನ ಸರಕಾರ ಹಿಡಿದ ಹಾದಿ ಬಲವಂತದ್ದು. 1864ರ ದಂಡುಪ್ರದೇಶಗಳ ಕಾಯಿದೆ ಬಂದ ಬಳಿಕ, ಸೈನಿಕರ ಸಹವಾಸವಿದ್ದ ವೇಶ್ಯೆಯರ ಹೆಸರನ್ನು ದಫ್ತರಿನಲ್ಲಿ ದಾಖಲಿಸಿ, ಕಾಲಕಾಲಕ್ಕೆ ತಪಾಸಣೆ ನಡೆಸಿ, ರೋಗ ಕಂಡವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಇರಿಸುವ ಪದ್ಧತಿ ಬೆಳೆಯಿತು. ಅಂಥ ಆಸ್ಪತ್ರೆ ಬೆಂಗಳೂರಿನಲ್ಲಿಯೂ ಇತ್ತು. ಪರಿಣಾಮವೇನಾಯಿತು? ಹೆದರಿದವರು ತಲೆಮರೆಸಿಕೊಂಡರು. ದಫ್ತರಿನಲ್ಲಿ ಉಳಿದುದು ಸಿಕ್ಕಿಬಿದ್ದವರ ಲೆಕ್ಕ, ರೋಗದ ಲೆಕ್ಕವಲ್ಲ.

1986ರಲ್ಲಿ ಭಾರತದ ಮೊದಲ ಎಚ್‌ಐವಿ ಸೋಂಕು ಮದರಾಸಿನಲ್ಲಿ ಪತ್ತೆಯಾದಾಗ ಹಳೆಯ ಪ್ರಶ್ನೆಯೇ ಮರಳಿ ಬಂದಿತು. 1998ರಿಂದ ದೇಶದಾದ್ಯಂತ ನಡೆಯುತ್ತಿರುವ ಸೋಂಕು ಸಮೀಕ್ಷೆ ಅದಕ್ಕೆ ಬೇರೊಂದು ಉತ್ತರ ಕೊಟ್ಟಿತು. ಗರ್ಭಿಣಿಯರ ಚಿಕಿತ್ಸಾಲಯವಾದರೆ ಒಂದು ಕೇಂದ್ರಕ್ಕೆ 400 ಮಂದಿ. ಲೈಂಗಿಕ ವೃತ್ತಿಯ ಸ್ತ್ರೀಯರು, ಪುರುಷರೊಡನೆ ಸಂಬಂಧವುಳ್ಳ ಪುರುಷರು, ತೃತೀಯ ಲಿಂಗಿಗಳು, ಸೂಜಿಯಿಂದ ಮಾದಕದ್ರವ್ಯ ಸೇವಿಸುವವರು ಮೊದಲಾದ ಹೆಚ್ಚಿನ ಅಪಾಯದ ಗುಂಪುಗಳಾದರೆ 250 ಮಂದಿ. ರಕ್ತದ ಮಾದರಿಯ ಮೇಲೆ ಹೆಸರಿಲ್ಲ, ಸಂಕೇತಸಂಖ್ಯೆ ಮಾತ್ರ. ಒಬ್ಬರ ಗುಟ್ಟನ್ನು ಹೊರಗೆಡಹುವುದು ಅದರ ಉದ್ದೇಶವಲ್ಲ. ಅದೇ ರೀತಿಯಲ್ಲಿ ಮತ್ತೆ ಮತ್ತೆ ಅಳೆದು, ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವುದು ಉದ್ದೇಶ.

ಅಳತೆ ತಪ್ಪಿದರೆ ಏನಾದೀತೆಂಬುದು 2007ರಲ್ಲಿ ತಿಳಿಯಿತು. ಅದುವರೆಗೆ ಸೋಂಕಿತರು 50 ಲಕ್ಷಕ್ಕೂ ಮಿಗಿಲೆಂದು ನಂಬಲಾಗಿತ್ತು. ಸಮೀಕ್ಷಾ ಕೇಂದ್ರಗಳು ಹೆಚ್ಚಿ, ಮನೆಮನೆಯ ಸಮೀಕ್ಷೆಯ ಫಲವೂ ಸೇರಿದ ಮೇಲೆ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ರೋಗವು ಒಂದೇ ವರ್ಷದಲ್ಲಿ ಅರ್ಧವಾಗಲಿಲ್ಲ, ಎಣಿಕೆ ಸುಧಾರಿಸಿತು.

ಬೆಂಗಳೂರಿನಲ್ಲಿ ಈ ಎಣಿಕೆ ಇನ್ನೂ ಕಠಿನ. ಮುಂಬಯಿ, ಕಲ್ಕತ್ತಗಳಲ್ಲಿರುವಂತೆ ಇಲ್ಲಿ ವೃತ್ತಿಗೆಂದೇ ಹೆಸರಾದ ದೊಡ್ಡ ಬೀದಿಯಿಲ್ಲ. ರಸ್ತೆ, ವಸತಿಗೃಹ, ಮನೆ ಎಂದು ಚದುರಿದ್ದ ವೃತ್ತಿ ಈಗ ಮೊಬೈಲ್ ಫೋನಿನೊಳಕ್ಕೂ ಸೇರಿದೆ. ನಿಲ್ದಾಣದ ಬಳಿ ನಿಂತು ಎಣಿಸುವವನಿಗೆ ಫೋನಿನ ಮೂಲಕ ಗಿರಾಕಿಯನ್ನು ಕಾಣುವವಳು ಸಿಗಲಾರಳು. ಅವಳನ್ನು ಬಲ್ಲವಳು ಅದೇ ವೃತ್ತಿಯ ಗೆಳತಿ. ಆದುದರಿಂದಲೇ ತಡೆಗಟ್ಟುವ ಕೆಲಸದಲ್ಲಿ ಅಂಥ ಸ್ತ್ರೀಯರನ್ನೇ ಕಾರ್ಯಕರ್ತೆಯರನ್ನಾಗಿ ನೇಮಿಸಿಕೊಳ್ಳುತ್ತಾರೆ.

ಎಣಿಸಿಕೊಂಡವರಿಗೆ ಸಿಕ್ಕುವುದೇನು? 2004ರ ಏಪ್ರಿಲ್‌ನಲ್ಲಿ ಸರಕಾರ ಎಚ್‌ಐವಿಗೆ ಉಚಿತ ಔಷಧಿ ಕೊಡಲಾರಂಭಿಸಿದಾಗ, ಮೊದಲು ಆರಿಸಿದ ಕೆಲವೇ ಆಸ್ಪತ್ರೆಗಳಲ್ಲಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯೂ ಒಂದು. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಕಾಯಬೇಕು ಎಂಬ 2017ರ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಹೆಂಗಸರನ್ನು ಕೂಡಿಹಾಕಿ ರೋಗ ತಡೆಯಹೊರಟಿದ್ದ ದಂಡಿನಲ್ಲೇ ಇಂದು ಔಷಧಿಗಾಗಿ ಅವರು ತಾವಾಗಿ ಬರಬಲ್ಲರು. ಆದರೆ ಬಾಗಿಲಲ್ಲಿ ಕುಳಿತ ಗುಮಾಸ್ತೆ ಗಟ್ಟಿಯಾಗಿ ಹೆಸರು ಕೂಗಿದರೆ, ನೆರೆಯವನು ಬೆರಳು ತೋರಿದರೆ, ಕಾಯಿದೆ ಎಷ್ಟಿದ್ದರೂ ಅವರು ಮರಳಿ ಬಾರರು. ಆಗ ಅವರ ಚಿಕಿತ್ಸೆಯೂ ನಿಲ್ಲುತ್ತದೆ, ನಗರದ ಲೆಕ್ಕವೂ ಸುಳ್ಳಾಗುತ್ತದೆ.