ಬೇಲಿಯೂ ಕಾವಲೂ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬುದು ನಮ್ಮ ಗಾದೆ. ಮೇಯುವುದನ್ನು ಕಂಡ ಕಾವಲುಗಾರನು ಊರಿನ ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಂಡರೆ ಏನಾದೀತೆಂದು ಗಾದೆ ಹೇಳುವುದಿಲ್ಲ. ಇಂಗ್ಲೆಂಡಿನ ಕ್ರೈಸ್ತಸಭೆಯ ಇತಿಹಾಸ ಹೇಳುತ್ತದೆ.

ಜಾನ್ ಸ್ಮೈತ್ ಎಂಬಾತ ಅಲ್ಲಿನ ಹೆಸರಾಂತ ವಕೀಲ. ಬಾಲಕರ ಕ್ರೈಸ್ತ ಶಿಬಿರಗಳ ಮುಖಂಡ. ಪಾಪಕ್ಕೆ ಪ್ರಾಯಶ್ಚಿತ್ತವೆಂಬ ನೆಪದಲ್ಲಿ ಹುಡುಗರನ್ನು ನೆತ್ತರು ಸುರಿಯುವಂತೆ ಬೆತ್ತದಿಂದ ಬಡಿಯುತ್ತಿದ್ದ. 1982ರಲ್ಲಿಯೇ ಪಾದ್ರಿಯೊಬ್ಬರು ಇದನ್ನೆಲ್ಲ ವರದಿಯಾಗಿ ಬರೆದಿಟ್ಟರು. ಅದು ಕೆಲವೇ ಮಂದಿಯ ಕೈ ಸೇರಿತು. ಪೊಲೀಸರ ಕೈ ಸೇರಲಿಲ್ಲ. ಧರ್ಮಕಾರ್ಯಕ್ಕೆ ಕಳಂಕ ತಗಲೀತೆಂಬ ಭಯ! 1984ರಲ್ಲಿ ಆತ ಜಿಂಬಾಬ್ವೆಗೆ ತೆರಳಿದ. ಅಲ್ಲಿಯೂ ಶಿಬಿರಗಳನ್ನು ತೆರೆದ, ಅಲ್ಲಿಯೂ ಮಕ್ಕಳು ಏಟು ತಿಂದರು. 2013ರಲ್ಲಿ ಸಭೆಯ ಅತ್ಯುನ್ನತರಿಗೆ ಸಂಗತಿ ತಿಳಿದರೂ ತಕ್ಕ ಕ್ರಮ ನಡೆಯಲಿಲ್ಲ. 2018ರಲ್ಲಿ ಆತ ಈ ಕೃತ್ಯಗಳಿಗೆ ಶಿಕ್ಷೆಯನ್ನೇ ಕಾಣದೆ ಸತ್ತ. 2024ರ ನವೆಂಬರಿನಲ್ಲಿ ವಿಚಾರಣೆಯ ವರದಿ ಹೊರಬಿದ್ದ ಮೇಲೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ಪದತ್ಯಾಗವನ್ನು ಘೋಷಿಸಿದರು.

ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಅರಿತ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ನಮ್ಮ 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ. ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಇಗರ್ಜಿಯಾಗಲಿ, ಮಠವಾಗಲಿ, ಶಾಲೆಯಾಗಲಿ, ಯಾವುದಕ್ಕೂ ವಿನಾಯಿತಿಯಿಲ್ಲ.

ಆದರೆ ಕಾಯಿದೆಗಿಂತ ಮೊದಲು ಬೇಕಾದುದು, ಮಗು ಅಂಜುತ್ತ ಆಡಿದ ಒಂದು ಮಾತನ್ನು ನಂಬುವ ಮನಸ್ಸು. ದೇವರ ಮನೆಯ ಮಾನವನ್ನು ಕಾಯಲು ದೇವರಿದ್ದಾನೆ. ಮಗುವನ್ನು ಕಾಯಬೇಕಾದವರು ನಾವು.