ಅಕ್ಕನ ಹಾಡು ಬೇಕು, ಅಕ್ಕನ ವೇಷ ಬೇಡವೆ?



ಸಂಜೆಯ ಹೊತ್ತು ಉಣಕಲ್ ಕೆರೆಯ ದಂಡೆಯ ಮೇಲೆ ನಡೆದು, ಸಿದ್ಧಪ್ಪಜ್ಜನ ಗುಡಿಗೆ ಹೋಗಿ ಮನೆಗೆ ಮರಳುವುದು ನಮ್ಮ ಬಹುದಿನಗಳ ವಾಡಿಕೆ. ಕಳೆದ ಶ್ರಾವಣದಲ್ಲಿ ಹಾಗೆ ಮರಳಿ ಬಂದಾಗ, ನಮ್ಮ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ನಮಗಾಗಿ ಕಾದು ಕುಳಿತಿದ್ದರು. ಅವರ ಮಗಳು ಕಾಲೇಜಿನಲ್ಲಿ ಓದುತ್ತಿರುವವಳು. ಪ್ರವಚನ ಕಾರ್ಯಕ್ರಮಗಳಲ್ಲಿ ಅಕ್ಕಮಹಾದೇವಿಯ ವಚನಗಳನ್ನು ಹಾಡಿ ಎಲ್ಲರಿಂದ ಶಹಬ್ಬಾಸ್ ಎನಿಸಿಕೊಂಡವಳು. ಧಾರವಾಡದ ಹವ್ಯಾಸಿ ನಾಟಕ ತಂಡವೊಂದು ಅಕ್ಕನ ಪಾತ್ರ ಮಾಡಲು ಅವಳನ್ನು ಕೇಳಿತ್ತು. ಮಗಳು ಒಪ್ಪಿದ್ದಳು. ತಂದೆಗೆ ನಿದ್ರೆ ಹಾರಿತ್ತು.

“ಸರ, ಹಾಡಲಿ, ನಾ ಎಂದೂ ಬ್ಯಾಡ ಅಂದಿಲ್ಲ. ಆದ್ರ ಮಾರಿಗೆ ಬಣ್ಣಾ ಹಚ್ಚಿ ಸ್ಟೇಜಿನ ಮ್ಯಾಲೆ ನಿಂತ್ಲಂದ್ರ, ನಾಳೆ ಕನ್ಯಾ ನೋಡಾಕ ಬಂದವ್ರು ಏನಂತಾರ್ರೀ?” ಎಂದು ಅವರು ಕೇಳಿದರು.

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. “ನಾಳೆ ಮಾತಾಡೋಣ ಬರ್ರಿ” ಎಂದು ಅವರನ್ನು ಕಳಿಸಿಕೊಟ್ಟೆವು. ಆ ರಾತ್ರಿ ನಮ್ಮ ನೆನಪಿಗೆ ಬಂದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ.

ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಕಲಾವಿದರ ಮನೆತನದಲ್ಲಿ ಹುಟ್ಟಿದ ಅಮೀರಬಾಯಿ ಹರೆಯದಲ್ಲಿಯೇ ಮುಂಬಯಿಗೆ ಹೋದರು. 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ತೆರೆಯ ಮೇಲೆ ಕಾಣಿಸಿಕೊಂಡರೂ ಹಲವು ವರ್ಷ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ದೊರೆಯಲಿಲ್ಲ. 1940ರಲ್ಲಿ ‘ನರಸೀ ಭಗತ್’ ಚಿತ್ರಕ್ಕಾಗಿ ಅವರು ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹ್ತಾರ ಭಜನೆಯನ್ನು ಹಾಡಿದರು. ಮುಸ್ಲಿಂ ಮನೆತನದ ಕನ್ನಡದ ಹೆಣ್ಣುಮಗಳೊಬ್ಬಳ ಕೊರಳಿನಲ್ಲಿ ಗುಜರಾತಿನ ವೈಷ್ಣವ ಭಕ್ತನ ವಾಣಿ ದೇಶವನ್ನೆಲ್ಲ ಸುತ್ತಿತು.

ಮೂರು ವರ್ಷಗಳ ನಂತರ, 1943ರಲ್ಲಿ, ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ತೆರೆಕಂಡಿತು. ಅನಿಲ್ ಬಿಸ್ವಾಸ್ ಅವರ ಸಂಗೀತದಲ್ಲಿ ಅಮೀರಬಾಯಿ ನಾಯಕಿಗೆ ಕೊರಳಾದರು. ಕಲಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಆ ಚಿತ್ರ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಪರರು ಈ ನೆಲ ಬಿಟ್ಟು ತೊಲಗಲೆಂಬ ಆಶಯದ, ಕವಿ ಪ್ರದೀಪ್ ರಚಿಸಿದ ಅದರ ದೇಶಭಕ್ತಿಗೀತೆಯಲ್ಲಿ ಕೇಳುವುದೂ ಖಾನ್ ಮಸ್ತಾನರ ಜೊತೆಗೆ ಅಮೀರಬಾಯಿಯವರ ದನಿಯೇ. ಮರುವರ್ಷ ನೌಷಾದರ ‘ರತನ್’ ಚಿತ್ರದಲ್ಲಿ ಅವರು ಹಾಡಿದ ಅಗಲಿಕೆಯ ಹಾಡು ಮನೆಮಾತಾಯಿತು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ಸಂಯೋಜಿಸಿ, ಹೆಂಗಸರು ವಿರಳವಾಗಿ ಕಾಲಿಟ್ಟ ಆ ಕ್ಷೇತ್ರವನ್ನೂ ಪ್ರವೇಶಿಸಿದರು. ಮುಂದೆ ಲತಾ ಮಂಗೇಶ್ಕರರ ಉದಯದೊಡನೆ ಹಾಡುಗಳು ಕಡಿಮೆಯಾದಾಗ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ ದುಡಿದರು. ಮೊದಲ ದಾಂಪತ್ಯ ಅವರಿಗೆ ನೋವನ್ನೇ ತಂದಿತು. 1965ರಲ್ಲಿ ಅವರು ತೀರಿಕೊಂಡರು. ಅವರ ಸೋದರಿ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಮಂಡಳಿಯನ್ನು ಸೇರಿ ಹೆಸರಾದವರು. ಈ ಸೋದರಿಯರು ಹೋದ ಊರಲ್ಲೆಲ್ಲ ‘ಕರ್ನಾಟಕಿ’ ಎಂಬ ಹೆಸರನ್ನೇ ಹೊತ್ತುಕೊಂಡು ತಿರುಗಿದರು. ನಮ್ಮ ನಾಡು ಅವರ ಹೆಸರನ್ನು ಎಷ್ಟು ಹೊತ್ತುಕೊಂಡಿತು? ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆ ಬರೆಯುವವರೆಗೆ ನಮ್ಮಲ್ಲಿ ಬಹುಮಂದಿಗೆ ಆಕೆ ಹಳೆಯ ರೇಡಿಯೋದ ಒಂದು ದನಿ ಮಾತ್ರ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಈಥೆಲ್ ವಾಟರ್ಸ್ (1896-1977) ಎಂಬ ಕಪ್ಪು ಜನಾಂಗದ ಗಾಯಕಿಯಿದ್ದರು. ಬಡತನದಲ್ಲಿ ಬೆಳೆದ ಆಕೆ, ತಮ್ಮ ಜನರ ದುಃಖದ ಹಾಡಾದ ‘ಬ್ಲೂಸ್’ ಅನ್ನು ರಾತ್ರಿಯ ಮನರಂಜನಾ ಗೃಹಗಳಲ್ಲಿ ಹಾಡುತ್ತ ಮೇಲೆ ಬಂದರು. ‘ಪಿಂಕಿ’ (1949) ಚಿತ್ರದ ಅಭಿನಯಕ್ಕಾಗಿ ಆಸ್ಕರ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಗಿತ್ತು. ಬಾಳಿನ ಕೊನೆಯ ಭಾಗದಲ್ಲಿ ಬಿಲ್ಲಿ ಗ್ರಹಾಂ ಅವರ ಧರ್ಮಸಭೆಗಳಲ್ಲಿ ಸಾವಿರಾರು ಜನರೆದುರು ದೇವರ ಹಾಡುಗಳನ್ನು ಹಾಡಿದರು. ನಾಟಕಶಾಲೆಯಲ್ಲಿ ಕೇಳಿದ ಕೊರಳೇ ದೇವರ ಸನ್ನಿಧಿಯಲ್ಲಿಯೂ ಕೇಳಿತು. ಅದನ್ನು ಮೈಲಿಗೆ, ಮಡಿ ಎಂದು ಎರಡಾಗಿ ಸೀಳುವವರು ಕೇಳುಗರೇ.

ಇನ್ನು ನಮ್ಮ ಮನೆಯೊಳಗೆ ನೋಡೋಣ. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅವರ ವಚನಗಾಯನವನ್ನು ಕೇಳುತ್ತ ನಾವು ಕೈ ಮುಗಿಯುತ್ತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಅನ್ನ, ವಿದ್ಯೆಗಳಿಗಾಗಿ ನಾಟಕ ಕಂಪನಿಯನ್ನೇ ನಡೆಸಿದರು. ನಾಡೋಜ ಏಣಗಿ ಬಾಳಪ್ಪನವರು (1914-2017) ಎಳೆವಯಸ್ಸಿನಲ್ಲಿ ಹೆಣ್ಣಿನ ಪಾತ್ರಗಳನ್ನು ಮಾಡಿ, ಮುಂದೆ ಬಸವಣ್ಣನವರ ಪಾತ್ರದಿಂದ ಮನೆಮನೆಯ ಮಾತಾದರು. ಗಂಡುಮಗನೊಬ್ಬ ಸೀರೆಯುಟ್ಟು ರಂಗದ ಮೇಲೆ ಬಂದರೆ ಅದು ಕಲೆ. ಹೆಣ್ಣುಮಗಳು ತನ್ನದೇ ಸೀರೆಯುಟ್ಟು ಬಂದರೆ ಮನೆತನದ ಮಾನದ ಪ್ರಶ್ನೆ. ಈ ತೂಕದ ಕಲ್ಲು ಯಾವ ಅಂಗಡಿಯದು?

ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಹಾಡಿದಾಗ ಇನ್ನೂ ಬಾಲಕಿ. ಹಾಡು ಮುಗಿದ ಮೇಲೆ, ಜಾತಿಯ ಕಾರಣದಿಂದ ತಮಗೆ ಎಂಜಲೆಲೆ ತೆಗೆಯಲು ಹೇಳಿಯಾರೆಂಬ ಅಂಜಿಕೆ ತಮ್ಮನ್ನು ಕಾಡಿತ್ತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರನ್ನರಸಿ ಬಂತು. ಅವರ ಹೆಸರಿನ ಗುರುಕುಲ ನಮ್ಮ ಉಣಕಲ್ಲಿನಲ್ಲಿಯೇ ತಲೆಯೆತ್ತಿತು. ಆದರೆ ಆ ಬಾಲಕಿಯ ಅಂಜಿಕೆಗೆ ಯಾವ ಪ್ರಶಸ್ತಿಯೂ ಪರಿಹಾರವಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಅಂಜಿಕೆಯನ್ನು ಬೇರುಸಹಿತ ಕೀಳಲು ಹೊರಟವರು. ವೇಷ ಹಾಕಿ ಆಡುವುದೇ ಕಾಯಕವಾಗಿದ್ದ ಬಹುರೂಪಿ ಚೌಡಯ್ಯನವರು ಶರಣರಲ್ಲಿ ಒಬ್ಬರು. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ಅವರು ವಚನಗಳನ್ನು ರಚಿಸಿದ್ದಾರೆ. ಸಮಾಜ ಹೆಸರೆತ್ತಲೂ ಹೇಸುತ್ತಿದ್ದ ವೃತ್ತಿಯ ಸಂಕವ್ವೆಯ ವಚನವನ್ನೂ ನಮ್ಮ ಪರಂಪರೆ ಜೋಪಾನವಾಗಿ ಉಳಿಸಿಕೊಂಡು ಬಂದಿದೆ. ಆ ಶರಣರನ್ನು ಪೂಜಿಸುವ ನಾವು ಬಣ್ಣ ಹಚ್ಚುವ ಹುಡುಗಿಯ ಮುಂದೆ ಬಾಗಿಲು ಮುಚ್ಚುವುದಾದರೆ, ಪೂಜೆಯ ಅರ್ಥವೇನು?

ಹೀಗೆ ಕೇಳುವ ನಾವೂ ನಿರ್ದೋಷಿಗಳಲ್ಲ. ನಮ್ಮ ಸೋದರತ್ತೆಯ ಕಂಠ ಇಂಪಾದುದು. ಮದುವೆಯ ನಂತರ ಅವರು ತೊಟ್ಟಿಲ ಮುಂದೆ ಬಿಟ್ಟರೆ ಬೇರೆಲ್ಲಿಯೂ ಹಾಡಿದ್ದನ್ನು ನಾವು ಕೇಳಲಿಲ್ಲ. ಏಕೆ ನಿಲ್ಲಿಸಿದಿರೆಂದು ಮನೆಯಲ್ಲಿ ಯಾರೂ ಅವರನ್ನು ಕೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಮರುದಿನ ಆ ಹಿರಿಯರು ಬಂದಾಗ ನಾವು ಇದನ್ನೆಲ್ಲ ಹೇಳಿದೆವು. ರಂಗಭೂಮಿಯಲ್ಲಿ ಕಷ್ಟವೇ ಇಲ್ಲವೆಂದು ಹೇಳಲಿಲ್ಲ. ಅಮೀರಬಾಯಿಯವರ ಬಾಳಿನಲ್ಲಿ ಕಷ್ಟಗಳಿದ್ದವು. “ತಾಲೀಮಿಗೆ ಮೊದಲ ದಿನ ನೀವೇ ಕರಕೊಂಡು ಹೋಗ್ರಿ. ತಂಡದವರ ನಡೆನುಡಿ ಕಣ್ಣಾರೆ ನೋಡ್ರಿ. ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸತಾರೋ ಇಲ್ಲೋ ವಿಚಾರಿಸ್ರಿ. ಅಷ್ಟು ತಂದೆಯ ಕರ್ತವ್ಯ. ಅದರಾಚೆಗಿನ ಅಂಜಿಕೆ ಮಂದಿಯ ಬಾಯಿಯದು” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಕ್ಕ ಮನೀ ಬಿಟ್ಟು ಹೋದಾಗ ಆಕೀ ಅಪ್ಪಗ ಹೆಂಗಾಗಿತ್ತೋ ಏನೋ” ಎಂದರು. ಚಹ ಕುಡಿದು ಎದ್ದು ಹೋದರು.

ಎಂಟು ದಿನಗಳ ಮೇಲೆ ಅವರ ಸ್ಕೂಟರಿನ ಹಿಂದೆ ಮಗಳು ಕುಳಿತು ಧಾರವಾಡದ ಕಡೆಗೆ ಹೋಗುತ್ತಿದ್ದುದನ್ನು ನಾವು ಕೆರೆಯ ದಂಡೆಯಿಂದ ಕಂಡೆವು. ಕೇಳಲು ಹೋಗಲಿಲ್ಲ.

ನಾಟಕ ನಡೆಯುವ ದಿನ ನಾವು ಮನೆಮಂದಿಯೊಡನೆ ಹೋಗಿ ಮುಂದಿನ ಸಾಲಿನಲ್ಲಿ ಕೂಡುವವರಿದ್ದೇವೆ. ನಿಮ್ಮ ಊರಿನಲ್ಲಿಯೂ ಇಂಥ ಒಬ್ಬ ಮಗಳಿರಬಹುದು. ಅವಳಿಗೆ ಚಪ್ಪಾಳೆ ತಟ್ಟುವುದು ಸುಲಭ. ಚಪ್ಪಾಳೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದು, ನಿಮ್ಮ ಪಂಕ್ತಿಯಲ್ಲಿ ಕೂಡ್ರಿಸಿ ಊಟಕ್ಕೆ ಬಡಿಸಿರಿ. ಸೊಸೆಯನ್ನು ಹುಡುಕುವ ಕಾಲಕ್ಕೆ ಅವಳ ಮನೆಯನ್ನೂ ನೆನೆಯಿರಿ.