ಕಟುಕನ ಕೈಯೂ ಯಂತ್ರವೂ

ಕಟುಕನೆಂಬ ಮಾತು ನಮ್ಮಲ್ಲಿ ಬೈಗುಳವಾಗಿದೆ. ಆ ಕಸಬೂ ಒಂದು ವಿದ್ಯೆಯೆಂದು ಬಗೆಯುವವರು ವಿರಳ. ಆ ವಿದ್ಯೆ ಬಲ್ಲವರು ಸಾಲದಾದಾಗ ಏನಾಗುವುದೆಂಬುದನ್ನು ಬ್ರಿಟನ್ 2021ರಲ್ಲಿ ಕಂಡಿತು. ಅಲ್ಲಿಯ ಮಾಂಸದ ಕಾರ್ಖಾನೆಗಳು ಯೂರೋಪಿನ ಇತರ ದೇಶಗಳ ಕೆಲಸಗಾರರನ್ನು ಬಹುವಾಗಿ ನೆಚ್ಚಿದ್ದವು. ಯೂರೋಪಿಯನ್ ಒಕ್ಕೂಟದಿಂದ ದೇಶ ಹೊರಬಂದುದರ ಜೊತೆಗೆ ಕೋವಿಡ್ ಪಿಡುಗೂ ಸೇರಿ, ಅವರಲ್ಲಿ ಅನೇಕರು ತಾಯ್ನಾಡಿಗೆ ಮರಳಿದರು. ಹಂದಿಗಳೋ ಕಾದಿರಿಸಬಹುದಾದ ಸರಕಲ್ಲ. ಬೆಳವಣಿಗೆಯ ಕಡೆಯ ಹಂತದಲ್ಲಿ ದಿನಕ್ಕೆ ಸುಮಾರು 1 ಕಿಲೋಗ್ರಾಂ ತೂಗಿ ಬರುತ್ತವೆ. ದೊಡ್ಡಿಗಳು ತುಂಬಿದವು, ಆರೋಗ್ಯವಾಗಿದ್ದ ಸಾವಿರಾರು ಪ್ರಾಣಿಗಳನ್ನು ಕೊಂದು, ಆಹಾರಕ್ಕೂ ಒದಗಿಸದೆ ಎಸೆಯಬೇಕಾಯಿತು. ಅಕ್ಟೋಬರಿನಲ್ಲಿ ಸರ್ಕಾರ 800 ಮಂದಿಯವರೆಗೆ ಹೊರದೇಶದ ಕಟುಕರಿಗೆ ಆರು ತಿಂಗಳ ಪರವಾನಗಿ ನೀಡುವುದಾಗಿ ಸಾರಿತು.

ಈ ಕೆಲಸವನ್ನು ಯಂತ್ರವೇಕೆ ಮಾಡಬಾರದೆಂದು ವಾಚಕರು ಕೇಳಬಹುದು. ಉಕ್ಕಿನ ತುಂಡುಗಳು ಒಂದೇ ಅಳತೆಯವು. ಪ್ರಾಣಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮಾಂಸ ಅಲಗಿನ ಒತ್ತಡಕ್ಕೆ ಬಾಗುತ್ತದೆ, ಜಾರುತ್ತದೆ. ಮೂಳೆಯ ನೆಲೆ ಹೊರಗೆ ಕಾಣದು. ಕುಶಲನ ಕೈ ಅಲಗಿಗೆ ತಗಲುವ ಪ್ರತಿರೋಧದ ಏರಿಳಿತದಿಂದಲೇ ಕೀಲನ್ನು ಅರಿಯುತ್ತದೆ. ದೇಹವನ್ನು ಸೀಳುವ ಸ್ಥೂಲ ಕೆಲಸಕ್ಕೆ ಯಂತ್ರಗಳು ಬಂದಿವೆ; ಮೂಳೆ ಬಿಡಿಸುವ ಸೂಕ್ಷ್ಮ ಕೆಲಸದಲ್ಲಿ ಇನ್ನೂ ಬಹುಮಟ್ಟಿಗೆ ಕೈಯೇ ಮೇಲು.

ಮಾಂಸವನ್ನು ತಿನ್ನುವುದೂ ಬಿಡುವುದೂ ಅವರವರ ಇಷ್ಟ. ಆದರೆ ತಂಪುಕೋಣೆಯ ಚಳಿಯಲ್ಲಿ ಹರಿತವಾದ ಅಲಗು ಹಿಡಿದು ದಿನವಿಡೀ ದುಡಿಯುವವನನ್ನು ಹೀನಾಯವಾಗಿ ಕಂಡು, ಅವನು ಎಂದೆಂದೂ ದೊರಕುವನೆಂದು ನಂಬುವುದು ವಿವೇಕವಲ್ಲ. ಪರವಾನಗಿಯನ್ನು ಒಂದು ದಿನದಲ್ಲಿ ಬರೆದುಕೊಡಬಹುದು. ಕೈಯ ವಿದ್ಯೆ ವರ್ಷಗಳಲ್ಲಿ ಮಾತ್ರ ಬೆಳೆಯುತ್ತದೆ. ಆ ವರ್ಷಗಳ ಬೆಲೆಯನ್ನು ಸಮಾಜ ತೆರಲೇಬೇಕು.